ಕೋಟೆ ಮೂಲೆಯಲ್ಲಿರಲಿ, ಜನ ಇರಲಿ

1/9

ಹೋದ ತಿಂಗಳು ನಾನು ಹಾಕಿದ್ದ ಚಿತ್ರದುರ್ಗದ ಫೋಟೊ ನೆನಪಿದೆಯಾ? ಕೋಟೆ ಬಾಗಿಲು, ಮೇಲೆ ಮೋಡ, ಕೆಳಗೆ ಕಲ್ಲುಹಾಸು, ಒಬ್ಬೇ ಒಬ್ಬ ಮನುಷ್ಯ ಇಲ್ಲ. "ಇಷ್ಟು ಖಾಲಿ ಹೇಗೆ ಸಿಕ್ತು? ಬೆಳಗ್ಗೆ ಎಷ್ಟೊತ್ತಿಗೆ ಹೋಗಿದ್ದೆ?" ಅಂತ ನಿಮ್ಮಲ್ಲೇ ಎಷ್ಟೋ ಜನ ಕೇಳಿದ್ರಿ. ನಾನು ಒಂದು ನಗು ಮುಖ ಹಾಕಿ ಸುಮ್ಮನಾದೆ.

ಈಗ ನಿಜ ಹೇಳ್ತೀನಿ. ಅವತ್ತು ಭಾನುವಾರ, ಮಧ್ಯಾಹ್ನ. ಕೋಟೆ ತುಂಬಾ ಜನಜಾತ್ರೆ. ಫೋನಿನಲ್ಲಿ ಅಳಿಸುವ ಟೂಲ್ ಇದೆಯಲ್ಲ, ಬೆರಳಲ್ಲಿ ಒಂದು ಸುತ್ತು ಹಾಕಿದರೆ ಮನುಷ್ಯ ಮಾಯ, ಅದರಲ್ಲಿ ಏಳು ಜನರನ್ನ ತೆಗೆದೆ. ಏಳು ಜನರಲ್ಲಿ ಒಬ್ಬರು ಬಾಗಿಲ ಮುಂದೆ ಕಸ ಗುಡಿಸುತ್ತಿದ್ದ ಅಕ್ಕ. ಇನ್ನೊಬ್ಬರು ಸೌತೆಕಾಯಿ ಮಾರುವ ಅಜ್ಜಿ. ಆ ಅಜ್ಜಿ ಹತ್ರ ಉಪ್ಪುಖಾರ ಹಚ್ಚಿಸಿಕೊಂಡು ಎರಡು ಸೌತೆಕಾಯಿ ತಿಂದಿದ್ದೆ. ಚಿಲ್ಲರೆ ಇಲ್ಲ ಅಂದಾಗ "ಇಳಿಯೋವಾಗ ಕೊಡುವಂತೆ ಬಿಡವ್ವ" ಅಂದಿದ್ದರು. ನಾವು ಇಳಿದಿದ್ದು ಓಡ್ತಾ, ಬಸ್ ಹೊರಟಿತ್ತು. ದುಡ್ಡೂ ಕೊಡಲಿಲ್ಲ, ರಾತ್ರಿ ಕೂತು ಅವರನ್ನೇ ಫೋಟೊದಿಂದ ಅಳಿಸಿದೆ.

ಇದು ತಲೆಗೆ ಹತ್ತಿದ್ದು ಬೇರೆ ದಾರಿಯಲ್ಲಿ. ಅದೇ ಫೋಟೊಗೆ 'ಜಪಾನಿ ಪ್ರಿಂಟ್' ಅನ್ನೋ ಫಿಲ್ಟರ್ ಹಾಕೋಣ ಅಂತ ಹೊರಟಿದ್ದೆ. ಗೊತ್ತಲ್ಲ, ದಪ್ಪ ಗೆರೆ, ತೆಳು ನೀಲಿ ಆಕಾಶ, ಕೆಳಗೆ ಹೋದಂತೆ ಮಸುಕಾಗುವ ಬಣ್ಣ. ಅಸಲಿ ಹೇಗಿರುತ್ತೆ ನೋಡೋಣ ಅಂತ ಜಪಾನಿನ ಹಳೇ ಮರದಚ್ಚು ಚಿತ್ರಗಳನ್ನ ತೆಗೆದೆ. ಕೋಟೆ, ಸೇತುವೆ, ದೇವಸ್ಥಾನ, ಬೆಟ್ಟ, ಎಲ್ಲಾ ಪ್ರವಾಸದ ಜಾಗಗಳೇ. ಒಂದು ವಾರ ಅದರಲ್ಲೇ ಕಳೆದುಹೋದೆ.

ಈ ಸರಣಿಯಲ್ಲಿ ನಾನು ಹೇಳೋದು ಒಂದೇ ಮಾತು. ಪ್ರವಾಸದ ಫೋಟೊದಿಂದ ಜನರನ್ನ ಅಳಿಸಬೇಡಿ. ಅದರಲ್ಲೂ ಅಲ್ಲಿ ಕೆಲಸ ಮಾಡುವವರನ್ನ. ಒಪ್ಪದಿದ್ದರೆ ಕಾಮೆಂಟಿನಲ್ಲಿ ಜಗಳ ಆಡಿ, ಆದರೆ ಒಂಬತ್ತೂ ಓದಿದ ಮೇಲೆ.

2/9

ಮೊದಲು ಈ ಚಿತ್ರ ನೋಡಿ. ಬರೆದವನು ಹಿರೊಶಿಗೆ. 1833-34ರ ಸುಮಾರಿಗೆ ಬಂದ 'ಟೊಕೈದೊ ದಾರಿಯ 53 ನಿಲ್ದಾಣಗಳು' ಎಂಬ ಮಾಲಿಕೆಯದ್ದು.

ಟೊಕೈದೊ ಅಂದರೆ ಎದೊ ಊರಿಂದ (ಇವತ್ತಿನ ಟೋಕಿಯೊ) ಕ್ಯೋಟೊಗೆ ಸಮುದ್ರದ ಬದಿಯಲ್ಲಿ ಸಾಗುವ ಹೆದ್ದಾರಿ. ಸುಮಾರು 500 ಕಿಲೋಮೀಟರ್. ಹೆಚ್ಚಿನವರು ನಡೆದೇ ಹೋಗ್ತಿದ್ದರು, ಎರಡು ವಾರದ ಹತ್ರ ಹಿಡಿಯುತ್ತಿತ್ತು. ದಾರಿಯಲ್ಲಿ ಉಳಿಯೋದಕ್ಕೆ 53 ನಿಲ್ದಾಣ. ಹೊರಡುವ ಸೇತುವೆ, ಕೊನೆಗೆ ತಲುಪುವ ಕ್ಯೋಟೊ ಎರಡನ್ನೂ ಸೇರಿಸಿ ಹಿರೊಶಿಗೆ ಮಾಡಿದ್ದು 55 ಹಾಳೆ.

ಇದು 34ನೇ ನಿಲ್ದಾಣ, ಊರಿನ ಹೆಸರು ಯೊಶಿದಾ. ಇಲ್ಲೊಂದು ದೊಡ್ಡ ಕೋಟೆ. ನಾವಾಗಿದ್ದರೆ ಏನು ಮಾಡ್ತಿದ್ವಿ? ಕೋಟೆ ನಟ್ಟನಡುವೆ ಬರೋ ಹಾಗೆ ನಿಂತು, ಎಡಬಲ ಅಳತೆ ನೋಡಿ, ಕ್ಲಿಕ್.

ಹಿರೊಶಿಗೆ ಕೋಟೆಯನ್ನ ಬಲಗಡೆ ಅಂಚಿಗೆ ತಳ್ಳಿಬಿಟ್ಟಿದ್ದಾನೆ. ಒಂದಿಷ್ಟು ಭಾಗ ಹಾಳೆಯಿಂದಲೇ ಆಚೆ. ಕಾಣುವಷ್ಟಕ್ಕೂ ಸಾರುವೆ ಕಟ್ಟಿದೆ, ಯಾಕಂದ್ರೆ ಕೋಟೆ ರಿಪೇರಿಯಲ್ಲಿದೆ! ಸಾರುವೆ ಮೇಲೆ ಕೆಲಸದವರು ಇದ್ದಾರೆ. ಅದರಲ್ಲೊಬ್ಬ ಕಂಬ ಹಿಡಿದು, ಮೈ ಹೊರಗೆ ಚಾಚಿ, ನದಿ ಕಡೆ ನೋಡ್ತಾ ಇದ್ದಾನೆ. ಅವನು ನೋಡುತ್ತಿರುವ ಕಡೆ ಉದ್ದನೆ ಸೇತುವೆ, ಅದರ ಮೇಲೆ ಇರುವೆ ಸಾಲಿನ ಹಾಗೆ ಜನ.

ನಾವು ಯಾವುದಾದರೂ ಕೋಟೆಗೆ ಹೋದಾಗ ಸಾರುವೆ ಕಟ್ಟಿದ್ದರೆ ಏನು ಅಂತೀವಿ? "ಛೆ, ಇವತ್ತೇ ಇರಬೇಕಿತ್ತಾ, ಫೋಟೊ ಹಾಳಾಯ್ತು." ಈ ಮನುಷ್ಯ ಆ 'ಹಾಳಾದ' ನೋಟವನ್ನೇ ಆರಿಸಿಕೊಂಡ. ಅದರಲ್ಲೂ ಆ ಊರಿನ ಅತಿ ಚೆಂದದ ನೋಟ ಯಾರಿಗೆ ಸಿಕ್ಕಿದೆ ನೋಡಿ. ಕೋಟೆ ದೊರೆಗಲ್ಲ, ಗೋಡೆ ಸರಿ ಮಾಡೋದಕ್ಕೆ ಹತ್ತಿದ ಕೂಲಿಯವನಿಗೆ. ನಾವು ಹಾಳೆಯ ಹೊರಗಿಂದ ಕೋಟೆ ನೋಡ್ತೀವಿ, ಅವನು ಕೋಟೆಯಿಂದ ಊರು ನೋಡ್ತಾನೆ.

ಈಗ ಅವನ ಮೇಲೆ ಬೆರಳಿಟ್ಟು ಮುಚ್ಚಿ ನೋಡಿ. ಚಿತ್ರದಲ್ಲಿ ಏನು ಉಳಿಯಿತು? ಅರ್ಧ ಕಟ್ಟಡ, ಒಂದು ಸೇತುವೆ. ಪೋಸ್ಟ್‌ಕಾರ್ಡ್.

3/9

ಇದೊಂದು ಚಿತ್ರ ಅಕಸ್ಮಾತ್ ಹಾಗೆ ಬಂದಿರಬಹುದು ಅನ್ನಿಸ್ತು. ಹಾಗಾಗಿ ಅದೇ ಮಾಲಿಕೆಯಲ್ಲಿ ಕೋಟೆ ಇರುವ ಬೇರೆ ಹಾಳೆಗಳನ್ನ ಹುಡುಕಿದೆ. ಸ್ವೈಪ್ ಮಾಡ್ತಾ ಹೋಗಿ.

ಒದವಾರಾ. ಕೋಟೆ ಎಲ್ಲಿದೆ ಅಂತ ಜೂಮ್ ಮಾಡಿ ಹುಡುಕಬೇಕು. ದೂರದಲ್ಲಿ, ಹಕೊನೆ ಬೆಟ್ಟದ ಬುಡದಲ್ಲಿ, ಉಗುರಿನಷ್ಟು. ಮುಂದೆ ಇಡೀ ಹಾಳೆ ತುಂಬಾ ಸಕವಾ ನದಿ. ನೀರಲ್ಲಿ ಇಳಿದಿರುವ ಕೂಲಿಗಳು ಪಲ್ಲಕ್ಕಿಯನ್ನ, ಪ್ರಯಾಣಿಕರನ್ನ ಹೊತ್ತು ದಾಟಿಸ್ತಿದ್ದಾರೆ. ಹೊಳೆ ದಾಟಿಸೋದೇ ಅವರ ಹೊಟ್ಟೆಪಾಡು.

ಒಕಜಾಕಿ. ಟೊಕೈದೊ ದಾರಿಯಲ್ಲೇ ಅತಿ ಉದ್ದದ ಸೇತುವೆ ಇಲ್ಲಿತ್ತು. ಸೇತುವೆ ಮೇಲೆ ಯಾವುದೋ ದೊರೆಯ ಮೆರವಣಿಗೆ ಸಾಗ್ತಿದೆ, ಕೋಟೆ ಆಚೆ ದಡದಲ್ಲಿ ಮರಗಳ ನಡುವೆ ಚಿಕ್ಕದಾಗಿ. ಕಣ್ಣು ಹೋಗೋದು ಸಾಲಾಗಿ ನಡೆಯುವವರ ಬೆನ್ನಿನ ಮೇಲೆ.

ಕುವಾನಾ. ಇಲ್ಲಿಗೆ ನಡೆದು ಬರೋ ಹಾಗಿರಲಿಲ್ಲ, ಸಮುದ್ರದ ಮೇಲೆ ಸುಮಾರು 27 ಕಿಲೋಮೀಟರ್ ದೋಣಿಯಲ್ಲಿ ಬರಬೇಕಿತ್ತು. ಚಿತ್ರದಲ್ಲಿ ದೋಣಿಗಳು ಈಗಷ್ಟೇ ದಡಕ್ಕೆ ಬಂದಿವೆ, ಹಾಯಿ ಇಳಿಸ್ತಿದ್ದಾರೆ. ಕೋಟೆ ಹಿಂದೆ ನಿಂತಿದೆ, ಬಸ್‌ಸ್ಟ್ಯಾಂಡ್ ಹಿಂದಿನ ಕಟ್ಟಡದ ಹಾಗೆ.

ಕಮೆಯಾಮಾ. ಇದು ನನ್ನ ಫೇವರಿಟ್. ರಾತ್ರಿಯೆಲ್ಲಾ ಹಿಮ ಬಿದ್ದು ಬೆಳಗ್ಗೆ ಆಕಾಶ ತಿಳಿಯಾಗಿದೆ. ಇಡೀ ಹಾಳೆ ಒಂದು ಓರೆ ಇಳಿಜಾರು, ಬರೀ ಬಿಳಿ. ಕೋಟೆ ಮೇಲಿನ ಬಲ ಮೂಲೆಯಲ್ಲಿ. ಕೆಳಗಿನ ಎಡ ಮೂಲೆಯಿಂದ ಒಂದು ಸಾಲು ಜನ ಆ ಏರು ಹತ್ತುತ್ತಿದ್ದಾರೆ, ಟೋಪಿಗಳು ಮಾತ್ರ ಕಾಣ್ತವೆ. ಏರು ಎಷ್ಟು ಕಡಿದು ಅಂತ ನಮಗೆ ಗೊತ್ತಾಗೋದು ಆ ಟೋಪಿಗಳಿಂದ. ಜನ ಇಲ್ಲದಿದ್ದರೆ ಅದು ಏರು ಅಂತಾನೂ ಗೊತ್ತಾಗ್ತಿರಲಿಲ್ಲ.

ನಮ್ಮ ಖಾಲಿ ಫೋಟೊಗಳ ಸಮಸ್ಯೆಯೂ ಇದೇ. ಜನರನ್ನ ತೆಗೆದ ತಕ್ಷಣ ಅಳತೆ ಹೋಗುತ್ತೆ. ನನ್ನ ಫೋಟೊದಲ್ಲಿ ಆ ಕೋಟೆ ಬಾಗಿಲು ಎಷ್ಟು ಎತ್ತರ ಅಂತ ಹೇಳಿ ನೋಡೋಣ? ಹತ್ತು ಅಡಿಯೂ ಇರಬಹುದು, ಮೂವತ್ತೂ ಇರಬಹುದು. ಅಜ್ಜಿ ಇದ್ದಿದ್ದರೆ ಗೊತ್ತಾಗ್ತಿತ್ತು.

4/9

"ಸರಿ, ಹಿರೊಶಿಗೆ ಒಬ್ಬನ ಅಭ್ಯಾಸ ಇರಬಹುದು" ಅಂತೀರಾ? ಹಾಗಾದರೆ ಹೊಕುಸಾಯ್ ನೋಡಿ. ಆ ದೊಡ್ಡ ಅಲೆ ಇದೆಯಲ್ಲ, ಅರ್ಧ ಕ್ಲಾಸಿನ ಲ್ಯಾಪ್‌ಟಾಪ್ ಮೇಲೆ ಸ್ಟಿಕರ್ ಆಗಿರೋದು, ಅದನ್ನ ಮಾಡಿದವನು. ಅದು ಕೂಡ ಪ್ರವಾಸದ ಮಾಲಿಕೆಯದ್ದೇ. 'ಫುಜಿ ಪರ್ವತದ 36 ನೋಟಗಳು', 1830ರ ದಶಕದ ಆರಂಭದಲ್ಲಿ ಬಂತು. ಜನ ಎಷ್ಟು ಕೊಂಡರು ಅಂದರೆ ಆಮೇಲೆ ಇನ್ನೂ ಹತ್ತು ಸೇರಿಸಿ 46 ಮಾಡಿದರು, ಹೆಸರು ಮಾತ್ರ 36 ಅಂತಲೇ ಉಳಿಯಿತು.

ಅದರಲ್ಲಿ ನಿಹೊನ್‌ಬಾಶಿ ಸೇತುವೆಯ ಚಿತ್ರ ಇದೆ. ದೂರದಲ್ಲಿ ಎದೊ ಕೋಟೆ, ಅಂದರೆ ಇಡೀ ದೇಶ ಆಳುತ್ತಿದ್ದ ಶೋಗನ್‌ನ ಮನೆ. ಇನ್ನೊಂದು ಕಡೆ ಫುಜಿ. ಇಬ್ಬರೂ ವಿಐಪಿಗಳು, ಇಬ್ಬರೂ ಹಿಂದೆ. ಹಾಳೆಯ ಕೆಳ ಅಂಚಿನಲ್ಲಿ ಸೇತುವೆ ಮೇಲಿನ ನೂಕುನುಗ್ಗಲು, ಬರೀ ತಲೆಗಳು ಮತ್ತು ತಲೆಮೇಲಿನ ಹೊರೆಗಳು. ಕೆ.ಆರ್. ಮಾರ್ಕೆಟ್ ಮುಂದೆ ಬೆಳಗ್ಗೆ ಆರಕ್ಕೆ ಕ್ಯಾಮೆರಾ ಎತ್ತಿದರೆ ಹೇಗೋ ಹಾಗೆ.

ಇನ್ನೊಂದರಲ್ಲಿ ಒಬ್ಬ ಬಡಗಿ ಮನುಷ್ಯನಿಗಿಂತ ಎತ್ತರದ ಪೀಪಾಯಿಯ ಒಳಗೆ ಕೂತು ಕೆಲಸ ಮಾಡ್ತಿದ್ದಾನೆ. ಪೀಪಾಯಿಗೆ ತಳ ಇಲ್ಲ, ಆ ವೃತ್ತದೊಳಗಿಂದ ಬಹಳ ದೂರದಲ್ಲಿ ಒಂದು ಸಣ್ಣ ತ್ರಿಕೋನ. ಅದೇ ಫುಜಿ. ಜಪಾನಿನ ಅತಿ ಎತ್ತರದ ಪರ್ವತ, ಒಬ್ಬ ಬಡಗಿಯ ಮುಂದೆ ಸಮೋಸಾದಷ್ಟು.

ಯಾಕೆ ಹೀಗೆ ಮಾಡಿದರು? ಇವರು ದೊಡ್ಡ ಸಮಾಜಸುಧಾರಕರು ಅಂತ ನಾನು ಹೇಳ್ತಿಲ್ಲ. ಇದು ವ್ಯಾಪಾರ. ಇಂಥ ಹಾಳೆಯ ಬೆಲೆ ಹೆಚ್ಚುಕಮ್ಮಿ ಒಂದೆರಡು ಬಟ್ಟಲು ನೂಡಲ್ಸಿನಷ್ಟು. ಕೊಳ್ಳುತ್ತಿದ್ದವರು ಅಂಗಡಿಯವರು, ಕುಶಲಕರ್ಮಿಗಳು, ಊರಿನ ಸಾಮಾನ್ಯ ಜನ. ಕೋಟೆಯೊಳಗೆ ಅವರಿಗೆ ಪ್ರವೇಶ ಇರಲಿಲ್ಲ, ಅದನ್ನ ಅವರು ನೋಡುತ್ತಿದ್ದದ್ದು ಹೊರಗಿನಿಂದ, ದಾರಿಯಿಂದ, ದೋಣಿಯಿಂದ. ಹಾಗಾಗಿ ಚಿತ್ರದಲ್ಲೂ ಅವರು ನಿಂತ ಜಾಗದಿಂದಲೇ ಕೋಟೆ ಕಾಣುತ್ತೆ. ಚಿತ್ರ ಕೊಂಡವನು ಅದರಲ್ಲಿ ತನ್ನನ್ನೇ ನೋಡಿಕೊಳ್ತಿದ್ದ. ನಮ್ಮ ಖಾಲಿ ಫೋಟೊದಲ್ಲಿ ಯಾರು ತಮ್ಮನ್ನ ನೋಡಿಕೊಳ್ಳಬೇಕು?

5/9

ಇಲ್ಲಿ ಒಂದು ಕಹಿ ವಿಷಯ ಹೇಳಲೇಬೇಕು. ಚಿತ್ರದೊಳಗೆ ಕೆಲಸದವರಿಗೆ ಇಷ್ಟು ಜಾಗ ಕೊಟ್ಟ ಇದೇ ಲೋಕ, ಚಿತ್ರ ಮಾಡಿದ ಕೆಲಸದವರ ಹೆಸರನ್ನ ಮಾತ್ರ ಅಳಿಸಿಬಿಟ್ಟಿತ್ತು.

ಮರದಚ್ಚು ಒಬ್ಬರ ಕೆಲಸ ಅಲ್ಲ. ದುಡ್ಡು ಹಾಕುವ ಪ್ರಕಾಶಕ ಒಬ್ಬ. ಚಿತ್ರ ಬರೆಯುವವನು ಇನ್ನೊಬ್ಬ. ಬರೆದ ತೆಳು ಕಾಗದವನ್ನ ಚೆರ್ರಿ ಮರದ ಹಲಗೆಗೆ ಮಗುಚಿ ಅಂಟಿಸ್ತಾರೆ. ಆಮೇಲೆ ಕೆತ್ತುವವನು ಆ ಕಾಗದದ ಮೇಲೆಯೇ ಉಳಿ ಓಡಿಸಿ, ಗೆರೆ ಬಿಟ್ಟು ಉಳಿದದ್ದನ್ನೆಲ್ಲ ಕೊರೆದು ತೆಗೀತಾನೆ. ಗಮನಿಸಿ, ಇಷ್ಟಾಗುವಾಗ ಕಲಾವಿದ ಬರೆದ ಮೂಲ ಚಿತ್ರವೇ ನಾಶ ಆಗಿರುತ್ತೆ. ನಮಗೆ ಕಾಣುವ ಒಂದೊಂದು ಗೆರೆಯೂ ಕೆತ್ತಿದವನ ಕೈಯದ್ದು. ಆ ಮಳೆಯ ಎಳೆಗಳು, ಕೂದಲಿನ ಎಳೆಗಳು, ಎಲ್ಲಾ.

ಆಮೇಲೆ ಒಂದೊಂದು ಬಣ್ಣಕ್ಕೆ ಬೇರೆ ಬೇರೆ ಹಲಗೆ. ಬಣ್ಣದ ಮೇಲೆ ಬಣ್ಣ ಸರಿಯಾಗಿ ಕೂರಲಿ ಅಂತ ಪ್ರತಿ ಹಲಗೆಯ ಮೂಲೆಯಲ್ಲಿ ಒಂದು ಗುರುತು ಕೊರೆದಿರ್ತಾರೆ. ಅಚ್ಚು ಒತ್ತುವವನು ಒದ್ದೆ ಕಾಗದ ಆ ಗುರುತಿಗೆ ಹೊಂದಿಸಿ ಇಟ್ಟು, 'ಬರೆನ್' ಅನ್ನೋ ಬಿದಿರಿನ ಸಿಪ್ಪೆ ಸುತ್ತಿದ ಬಿಲ್ಲೆಯಿಂದ ಹಿಂದಿನಿಂದ ಉಜ್ಜುತ್ತಾನೆ. ಯಂತ್ರ ಇಲ್ಲ. ನಮ್ಮ ಫಿಲ್ಟರ್ ನಕಲು ಮಾಡುತ್ತಲ್ಲ, ಆಕಾಶದ ನೀಲಿ ಕೆಳಗೆ ಬರುತ್ತಾ ತೆಳುವಾಗೋದು, ಅದಕ್ಕೆ 'ಬೊಕಾಶಿ' ಅಂತ ಹೆಸರು. ಪ್ರತಿ ಹಾಳೆಗೂ ಹಲಗೆಯ ಮೇಲೆ ಬಣ್ಣವನ್ನ ಕೈಯಲ್ಲೇ ಹರಡಿ, ಒರೆಸಿ, ತೆಳು ಮಾಡಬೇಕು. ಸಾವಿರ ಹಾಳೆ ಇದ್ದರೆ ಸಾವಿರ ಸಲ.

ಹಿರೊಶಿಗೆಯ ಸಹಿ ಇದೆ. ಪ್ರಕಾಶಕ ತಾಕೆನೊಉಚಿ ಮಾಗೊಹಾಚಿಯ ಹೆಸರೂ ಇತಿಹಾಸದಲ್ಲಿದೆ. ಆ ಕಾಲದ ಹಾಳೆಗಳಲ್ಲಿ ಕೆತ್ತಿದವರ, ಒತ್ತಿದವರ ಹೆಸರು ಸಿಗೋದು ಬಲು ಅಪರೂಪ. ಸಾರುವೆ ಮೇಲಿನ ಕೂಲಿಯವನನ್ನ ಕೊರೆದ ಕೈ ಯಾರದ್ದು ಅಂತ ಹಾಳೆ ನಮಗೆ ಹೇಳಲ್ಲ.

ಅಳಿಸುವ ಟೂಲ್ ಹೊಸದಿರಬಹುದು. ಅಳಿಸುವ ಅಭ್ಯಾಸ ಹಳೇದು.

6/9

ಈಗ ನಿಮ್ಮ ಕಡೆಯ ವಾದ. ನನ್ನ ರೂಮ್‌ಮೇಟ್ ಇದನ್ನೆಲ್ಲ ಕೇಳಿ ಹೇಳಿದ್ದು: "ಅವರೇನು ಸತ್ಯ ಹರಿಶ್ಚಂದ್ರರಾ? ಅವರೂ ಬೇಕಾದ್ದು ಸೇರಿಸಿ ಬೇಡದ್ದು ಬಿಟ್ಟಿರ್ತಾರೆ. ನೀನೂ ಅದನ್ನೇ ಮಾಡಿದೆ."

ಅವಳು ಹೇಳಿದ್ದು ಸರಿ. ಹಿರೊಶಿಗೆ ಹಲವು ನೋಟಗಳನ್ನ ಆಗಲೇ ಅಚ್ಚಾಗಿದ್ದ ಪ್ರವಾಸದ ಪುಸ್ತಕದ ಚಿತ್ರಗಳಿಂದ ಎತ್ತಿಕೊಂಡಿದ್ದಾನೆ. ಕನ್ಬರಾ ಅನ್ನೋ ನಿಲ್ದಾಣದ ರಾತ್ರಿ ಹಿಮದ ಚಿತ್ರ ಜಗತ್ಪ್ರಸಿದ್ಧ, ಆದರೆ ಆ ಊರಲ್ಲಿ ಹಾಗೆ ಹಿಮ ಬೀಳೋದೇ ಅಪರೂಪ. ಊರಿಗೆ ಫಿಲ್ಟರ್ ಹಾಕಿದ್ದಾನೆ ಅಂತಲೇ ಇಟ್ಟುಕೊಳ್ಳಿ.

ಮುಂದಿನ ಶತಮಾನದವರು ಇನ್ನೂ ಹೆಚ್ಚು. ಯೊಶಿದಾ ಹಿರೊಶಿ (ಆ ನಿಲ್ದಾಣಕ್ಕೂ ಇವನಿಗೂ ಸಂಬಂಧ ಇಲ್ಲ, ಹೆಸರು ಮಾತ್ರ ಒಂದೇ) 1926ರಲ್ಲಿ ಹಿಮೆಜಿ ಕೋಟೆಯ ಅಚ್ಚು ಮಾಡಿದ, ಬೆಳಗ್ಗೆ ಒಂದು, ಸಂಜೆ ಒಂದು. ಬಿಳಿ ಗೋಡೆಯ ಆ ಕೋಟೆಗೆ ಜಪಾನಿನಲ್ಲಿ 'ಬೆಳ್ಳಕ್ಕಿ ಕೋಟೆ' ಅಂತ ಹೆಸರು. ಅಲ್ಲಿ ಕೋಟೆಯೇ ಹೀರೊ, ಹೊತ್ತಿನ ಬೆಳಕೇ ಹೀರೊಯಿನ್. ಅದೇ ವರ್ಷ ಒಂದು ಹಾಯಿದೋಣಿಯ ಚಿತ್ರವನ್ನ ಅವೇ ಹಲಗೆಗಳಿಂದ, ಬಣ್ಣ ಮಾತ್ರ ಬದಲಿಸಿ, ಬೆಳಗ್ಗೆ, ಮಧ್ಯಾಹ್ನ, ಮಂಜು, ಸಂಜೆ, ರಾತ್ರಿ ಅಂತೆಲ್ಲ ಆರು ಥರ ಒತ್ತಿಸಿದ. ತನ್ನದೇ ಸ್ಟುಡಿಯೊ, ಕೆತ್ತುವವರು, ಒತ್ತುವವರು ಅವನ ಕಣ್ಣೆದುರೇ. ಹಾಳೆಯ ಅಂಚಿನಲ್ಲಿ 'ಜಿಜುರಿ' ಅನ್ನೋ ಮುದ್ರೆ, ಅರ್ಥ 'ಸ್ವತಃ ಒತ್ತಿದ್ದು'. ಉಜ್ಜಿದ ಕೈ ಬೇರೆಯವರದ್ದೇ ಆಗಿದ್ದರೂ!

1930-31ರಲ್ಲಿ ಇದೇ ಯೊಶಿದಾ ಮಗನ ಜೊತೆ ಭಾರತಕ್ಕೆ ಬಂದಿದ್ದ. ತಾಜ್‌ಮಹಲನ್ನ ಹಗಲು, ಇರುಳು, ಮುಂಜಾನೆ ಮಂಜು ಅಂತ ಮತ್ತೆ ಮತ್ತೆ ಮಾಡಿದ. ಕಾಶಿಯ ಘಾಟ್, ಎಲ್ಲೋರ, ಮದುರೆಯ ದೇವಸ್ಥಾನವೂ ಇವೆ. ತಾಜ್ ನೋಡಿದರೆ ನಮ್ಮ ಖಾಲಿ ಫೋಟೊಗಳ ತಾತ ಅನ್ನಿಸುತ್ತೆ, ಅಷ್ಟು ಮೌನ. ಕಾಶಿ ಘಾಟ್ ನೋಡಿದರೆ ಮನಸ್ಸು ತುಂಬುತ್ತೆ, ಯಾಕಂದ್ರೆ ಅಲ್ಲಿ ಜನ ಇದ್ದಾರೆ.

ಹೌದು, ಅವರೂ ಆರಿಸಿದರು, ಬಿಟ್ಟರು, ಸುಳ್ಳು ಹಿಮ ಬೀಳಿಸಿದರು. ನಾನು ಸತ್ಯದ ಪರ ವಾದ ಮಾಡ್ತಿಲ್ಲ. ಕನ್ಬರಾದಲ್ಲಿ ಹಿಮ ಸುಳ್ಳಾದರೂ ಅದರಲ್ಲಿ ಬೆನ್ನು ಬಗ್ಗಿಸಿ ನಡೆಯುವ ಮೂವರು ಇದ್ದಾರೆ, ಚಳಿ ನಮಗೆ ತಟ್ಟೋದು ಅವರ ಬೆನ್ನಿಂದ. ಸೇರಿಸುವುದೂ ಸುಳ್ಳೇ, ಅಳಿಸುವುದೂ ಸುಳ್ಳೇ. ಆದರೆ ಇವೆರಡರಲ್ಲಿ ಒಂದು ಮಾತ್ರ ಬಡವರ ಮೇಲೆ ಬೀಳುತ್ತೆ. ನಾವು ಅಳಿಸೋದು ಯಾರನ್ನ ಅಂತ ಲೆಕ್ಕ ಹಾಕಿ. ನಮ್ಮ ಗ್ಯಾಂಗನ್ನ ಅಳಿಸ್ತೀವಾ?

7/9

ಇನ್ನೊಂದು ಕಾರಣ ಇದೆ, ಇದು ಸ್ವಲ್ಪ ಸೀರಿಯಸ್.

ಆ ಕೋಟೆಗಳ ಕಥೆ ಮುಂದೆ ಏನಾಯ್ತು ಗೊತ್ತಾ? ಶೋಗನ್ ಆಳ್ವಿಕೆ ಮುಗಿದ ಮೇಲೆ ಹೊಸ ಸರ್ಕಾರಕ್ಕೆ ಹಳೇ ದೊರೆಗಳ ಕೋಟೆ ಬೇಡವಾಯ್ತು. 1873ರಲ್ಲಿ ಕೋಟೆಗಳನ್ನ ವಿಲೇವಾರಿ ಮಾಡುವ ಆದೇಶವೇ ಬಂತು. ಎಷ್ಟೋ ಕೋಟೆಗಳನ್ನ ಬಿಚ್ಚಿ ಮರ, ಹೆಂಚು ಮಾರಿದರು. ಹಿರೊಶಿಗೆ ಚಿತ್ರದಲ್ಲಿ ಉಗುರಿನಷ್ಟು ಕಂಡ ಒದವಾರಾ ಹೋಯ್ತು. ಸೇತುವೆಯಾಚೆ ಕಂಡ ಒಕಜಾಕಿ ಹೋಯ್ತು. ಉಳಿದವುಗಳಲ್ಲಿ ನಗೊಯಾ ಕೋಟೆ 1945ರ ಮೇ ತಿಂಗಳ ಬಾಂಬ್ ದಾಳಿಯಲ್ಲಿ ಸುಟ್ಟುಹೋಯ್ತು, ಹಿರೊಶಿಮಾ ಕೋಟೆ ಅದೇ ಆಗಸ್ಟಿನ ಅಣುಬಾಂಬಿಗೆ. ಹಳೇ ಕಾಲದ ಮೂಲ ಗೋಪುರ ಹಾಗೇ ಉಳಿದಿರೋದು ಇಡೀ ಜಪಾನಿನಲ್ಲಿ ಹನ್ನೆರಡು ಕೋಟೆಗಳಲ್ಲಿ ಮಾತ್ರ. ಬೆಳ್ಳಕ್ಕಿ ಕೋಟೆ ಅದರಲ್ಲೊಂದು.

ಆಮೇಲೆ ಜನ ಕಾಂಕ್ರೀಟಿನಲ್ಲಿ ಕಟ್ಟಿಕೊಂಡರು. ನಗೊಯಾ, ಒಕಜಾಕಿ 1959ರಲ್ಲಿ, ಒದವಾರಾ 1960ರಲ್ಲಿ. ಇವತ್ತು ಅಲ್ಲಿಗೆ ಹೋದವರು ಫೋಟೊ ತೆಗೆಯೋದು ಆ ಕಾಂಕ್ರೀಟ್ ಗೋಪುರಗಳನ್ನೇ.

ಈಗ ಯೋಚನೆ ಮಾಡಿ. ಕೋಟೆ ಹೋದರೆ ಅಳತೆ, ನಕ್ಷೆ, ಹಳೇ ಫೋಟೊ ಇಟ್ಟುಕೊಂಡು ಇನ್ನೊಂದು ಕಟ್ಟಬಹುದು. ಸಕವಾ ನದಿಯಲ್ಲಿ ಮನುಷ್ಯರನ್ನ ಹೊತ್ತು ದಾಟಿಸುತ್ತಿದ್ದ ಕೂಲಿಗಳನ್ನ ಮತ್ತೆ ಹೇಗೆ ಕಟ್ಟೋದು? ಅವರು ಹೊರೆ ಹೇಗೆ ಹಿಡೀತಿದ್ದರು, ಎಷ್ಟು ಜನ ಒಂದು ಪಲ್ಲಕ್ಕಿಗೆ, ಸಾರುವೆಯ ಹಗ್ಗ ಎಲ್ಲಿ ಕಟ್ಟುತ್ತಿದ್ದರು, ಹಾಯಿ ಹೇಗೆ ಇಳಿಸುತ್ತಿದ್ದರು, ಇದನ್ನೆಲ್ಲ ನಮ್ಮ ಕಣ್ಣಿಗೆ ತೋರಿಸೋದು ಈ ನೂಡಲ್ಸ್ ಬೆಲೆಯ ಹಾಳೆಗಳು. ಚಿತ್ರದಲ್ಲಿ 'ಶಾಶ್ವತ' ಅಂತ ಕಂಡಿದ್ದು ಹೋಯ್ತು. 'ಹಿನ್ನೆಲೆ' ಅಂತ ಕಂಡಿದ್ದೇ ಇವತ್ತು ಚಿನ್ನ.

ಚಿತ್ರದುರ್ಗದ ಬಾಗಿಲಿನ ಫೋಟೊ ಇಂಟರ್ನೆಟ್ಟಿನಲ್ಲಿ ಲಕ್ಷ ಇರಬಹುದು. 2060ರಲ್ಲಿ ಯಾರಾದರೂ ನಮ್ಮ ಕಾಲದಲ್ಲಿ ಕೋಟೆ ಹತ್ತುವ ದಾರಿಯಲ್ಲಿ ಏನು ಮಾರ್ತಿದ್ದರು, ಬುಟ್ಟಿ ಯಾವ ಥರ ಇತ್ತು, ತಕ್ಕಡಿ ಇತ್ತಾ ಕ್ಯೂಆರ್ ಕೋಡ್ ಇತ್ತಾ ಅಂತ ಹುಡುಕಿದರೆ? ನಮ್ಮ ಕ್ಲಾಸಿನ ಅರವತ್ತು ಜನರ ಫೋಟೊದಲ್ಲಿ ಅದು ಸಿಗಲ್ಲ. ಯಾಕಂದ್ರೆ ಎಲ್ಲರೂ ನನ್ನ ಹಾಗೇ ಕ್ಲೀನ್ ಮಾಡಿದ್ದೀರಿ, ನನಗೆ ಗೊತ್ತು.

8/9

ಈ ಸರಣಿಯ ಕೊನೆಯ ಎರಡು ಅಚ್ಚು. ಎರಡೂ ಕವಾಸೆ ಹಸುಯಿಯದ್ದು, ಎರಡೂ ಟೋಕಿಯೊದ ಜೊಜೊಜಿ ದೇವಾಲಯ, ಎರಡರಲ್ಲೂ ಹಿಮ.

ಮೊದಲನೆಯದು 1925ರದ್ದು. ಎರಡು ವರ್ಷ ಹಿಂದೆ, 1923ರ ಸೆಪ್ಟೆಂಬರ್ 1ರ ಭೂಕಂಪದಲ್ಲಿ ಟೋಕಿಯೊ ಸುಟ್ಟುಹೋಗಿತ್ತು. ಹಸುಯಿಯ ಮನೆ ಹೋಯ್ತು, ಊರೂರು ತಿರುಗಿ ಬರೆದಿದ್ದ ಸ್ಕೆಚ್ ಪುಸ್ತಕಗಳು ಹೋದವು. ಅವನ ಪ್ರಕಾಶಕ ವತಾನಬೆಯ ಅಂಗಡಿ, ಅಲ್ಲಿದ್ದ ಹಲಗೆಗಳು, ಎಲ್ಲಾ ಬೂದಿ. ಅದಾದ ಮೇಲೆ ಮಾಡಿದ ಚಿತ್ರ ಇದು. ಕೆಂಪು ದೇವಾಲಯದ ಮುಂದೆ ಗಾಳಿಗೆ ಎದುರಾಗಿ ಕೊಡೆ ಬಗ್ಗಿಸಿಕೊಂಡು ಒಬ್ಬ ಹೆಂಗಸು ನಡೆಯುತ್ತಿದ್ದಾಳೆ. ಒಬ್ಬಳೇ. ಅಚ್ಚುಗಳನ್ನ ವತಾನಬೆ ವಿದೇಶಕ್ಕೂ ಮಾರುತ್ತಿದ್ದ, ಅಲ್ಲಿಯವರಿಗೆ ಬೇಕಾಗಿದ್ದು ಶಾಂತ, ಹಳೇ ಜಪಾನ್. ಅದಕ್ಕೇ ಗದ್ದಲ ಇಲ್ಲ.

ಎರಡನೆಯದು 1953ರದ್ದು. ಯುದ್ಧ ಮುಗಿದಿತ್ತು. ಈ ಕಸುಬು ಮರೆಯಾಗಬಾರದು ಅಂತ ಸರ್ಕಾರದ ಒಂದು ಸಮಿತಿ ಹಸುಯಿಗೆ ಒಂದು ಅಚ್ಚು ಮಾಡಲು ಹೇಳಿ, ಕೆತ್ತುವುದು, ಒತ್ತುವುದು, ಪ್ರತಿ ಹಂತವನ್ನೂ ದಾಖಲಿಸಿತು. ನೂರಾರು ವರ್ಷ ಹಾಳೆಯ ಹಿಂದೆ ಅಡಗಿದ್ದ ಕೈಗಳು ಕಡೆಗೂ ದಾಖಲೆಗೆ ಬಂದವು. ಆ ಸಂದರ್ಭಕ್ಕೆ ಹಸುಯಿ ಆರಿಸಿಕೊಂಡಿದ್ದು ಮತ್ತೆ ಅದೇ ಜೊಜೊಜಿ, ಅದೇ ಹಿಮ. ಆದರೆ ಈ ಸಲ ದೇವಾಲಯದ ಮುಂದೆ ಟ್ರಾಮಿಗೆ ಕಾಯುತ್ತಾ ನಿಂತ ಜನ. ಕೊಡೆ ಹಿಡಿದು, ಹಿಮದಲ್ಲಿ, ಕೆಲಸಕ್ಕೋ ಮನೆಗೋ ಹೊರಟವರು.

ಮೊದಲನೆಯದು ಹೆಚ್ಚು ಚೆಂದ ಅಂತ ಎಲ್ಲರೂ ಹೇಳ್ತಾರೆ. ನನಗೂ ಹಾಗೇ ಅನ್ನಿಸಿತ್ತು. ಈಗ ನನ್ನ ಫೋನಿನ ವಾಲ್‌ಪೇಪರ್ ಎರಡನೆಯದು.

9/9

ಕೊನೆಗೆ, ಏನು ಮಾಡಬೇಕು ಅಂತ.

"ಎಲ್ಲರನ್ನೂ ಫೋಟೊದಲ್ಲಿ ಇಡು ಅಂತೀಯ, ಅವರಿಗೆ ಇಷ್ಟ ಇಲ್ಲದಿದ್ದರೆ?" ಇದು ನ್ಯಾಯವಾದ ಪ್ರಶ್ನೆ. ಕೇಳದೆ ಯಾರ ಮುಖವನ್ನೂ ಹಾಕಬೇಡಿ. ಮಕ್ಕಳದ್ದಂತೂ ಬೇಡವೇ ಬೇಡ. ಈ ಕಷ್ಟಕ್ಕೂ ಆ ಹಾಳೆಗಳಲ್ಲೇ ಉತ್ತರ ಇದೆ: ಟೋಪಿ, ಬೆನ್ನು, ಕೊಡೆ, ದೂರದ ಸಣ್ಣ ಆಕಾರ. ಕಮೆಯಾಮಾ ಏರಿನಲ್ಲಿ ಒಬ್ಬರ ಮುಖವೂ ಕಾಣಲ್ಲ, ಆದರೂ ಅವರೆಲ್ಲ ಅಲ್ಲಿದ್ದಾರೆ. ಹತ್ತಿರದಿಂದ ತೆಗೀಬೇಕಾ, ಹೋಗಿ ಮಾತಾಡಿ, ಕೇಳಿ. ಬೇಡ ಅಂದರೆ ಫೋನ್ ಕೆಳಗಿಳಿಸಿ. ಮತ್ತೆ, ಯಾರದ್ದಾದರೂ ಕೆಲಸ ನಿಮ್ಮ ಪೋಸ್ಟಿನಲ್ಲಿದ್ದರೆ ಅವರು ಒಪ್ಪಿದಲ್ಲಿ ಹೆಸರು ಹಾಕಿ. ಫೋಟೊ ತೆಗೆದುಕೊಟ್ಟ ಫ್ರೆಂಡ್, ದಾರಿ ತೋರಿಸಿದ ಗೈಡ್ ಅಣ್ಣ, ಎಲ್ಲರದ್ದೂ. ಹಾಳೆಯ ಹಿಂದೆ ಉಳಿದುಹೋದ ಅಚ್ಚಿನವರ ಕಥೆ ನಮ್ಮಲ್ಲೂ ಆಗೋದು ಬೇಡ.

ಇಷ್ಟೆಲ್ಲ ಜಪಾನ್ ಸುತ್ತಿ ಬಂದ ಮೇಲೆ ನನಗೆ ನಾಚಿಕೆ ಆಗಿದ್ದು ಒಂದು ವಿಷಯಕ್ಕೆ. ಚಿತ್ರದುರ್ಗದ ಕೋಟೆ ಅಂದ ತಕ್ಷಣ ನಮ್ಮೆಲ್ಲರಿಗೂ ಮೊದಲು ನೆನಪಾಗೋದು ಯಾರು? ಓಬವ್ವ. ರಾಣಿ ಅಲ್ಲ, ಪಾಳೆಗಾರರ ಮನೆಯವಳಲ್ಲ. ಕಾವಲುಗಾರನ ಹೆಂಡತಿ. ನೀರು ತರಲು ಹೋದವಳು, ಕೈಗೆ ಸಿಕ್ಕಿದ್ದು ಒನಕೆ. ಅವತ್ತು ಯಾರಾದರೂ ಕೋಟೆಯ 'ಕ್ಲೀನ್' ಫೋಟೊ ತೆಗೆದಿದ್ದರೆ ಹಿನ್ನೆಲೆಯಲ್ಲಿ ಕೊಡ ಹಿಡಿದು ಹೋಗುತ್ತಿದ್ದ ಹೆಂಗಸನ್ನೇ ಮೊದಲು ಅಳಿಸುತ್ತಿದ್ದರು. ಅದೇ ಕೋಟೆಯಲ್ಲಿ ನಿಂತು ನಾನು ಮಾಡಿದ್ದೂ ಅದನ್ನೇ.

ಮೂಲ ಫೋಟೊ ಫೋನಿನಲ್ಲಿ ಇನ್ನೂ ಇತ್ತು. ಹಳೇ ಪೋಸ್ಟ್ ಡಿಲೀಟ್ ಮಾಡಿದ್ದೀನಿ. ಈ ಕೊನೆಯ ಸ್ಲೈಡಿನಲ್ಲಿರೋದು ಅವತ್ತಿನ ಇನ್ನೊಂದು ಫೋಟೊ. ಬಾಗಿಲು ಅರ್ಧ ಮಾತ್ರ ಬಂದಿದೆ, ಮುಂದೆ ಬುಟ್ಟಿ, ಅಜ್ಜಿಯ ಬೆನ್ನು, ಹಸಿರು ಸೆರಗು. ಮುಖ ಕಾಣಲ್ಲ. ಬಾಗಿಲು ಎಷ್ಟು ಎತ್ತರ ಅಂತ ಈಗ ಗೊತ್ತಾಗುತ್ತೆ ನೋಡಿ.

ನಮ್ಮ ಕ್ಲಾಸಿನಲ್ಲಿ ದುರ್ಗದ ಕಡೆಯವರು ಇಬ್ಬರಿದ್ದೀರಿ. ಯಾರು ಮೊದಲು ಊರಿಗೆ ಹೋಗ್ತೀರೋ ನನಗೆ ಮೆಸೇಜ್ ಮಾಡಿ. ಇಪ್ಪತ್ತು ರೂಪಾಯಿ ಕಳಿಸೋದಿದೆ. ಕೊಡುವಾಗ ಹೆಸರು ಕೇಳಿಕೊಂಡು ಬನ್ನಿ, ನಾನು ಅದನ್ನೂ ಕೇಳಿರಲಿಲ್ಲ.

ನೀವು ಅಳಿಸಿದ ಫೋಟೊಗಳು ಇದ್ದರೆ, ಅಳಿಸುವ ಮೊದಲಿನದ್ದನ್ನ ಈ ವಾರ ಹಾಕಿ. ಟ್ಯಾಗ್ ಮಾಡಿ, ನಾನು ಸ್ಟೋರಿಯಲ್ಲಿ ಹಂಚಿಕೊಳ್ತೀನಿ.

#ಕೋಟೆಮೂಲೆಯಲ್ಲಿರಲಿ #ಅಳಿಸಬೇಡಿ #ಮರದಚ್ಚು #ಹಿರೊಶಿಗೆ #ಕನ್ನಡದಲ್ಲಿಓದಿ